ಲೋಟಸ್ ಎಲೀಸ್

ಲೋಟಸ್ ಎಲೀಸ್ ಎಂಬುದು ಇಂಗ್ಲೆಂಡಿನ ಲೋಟಸ್ ಕಾರ್ಸ್ ಸಂಸ್ಥೆಯು 1996ರಿಂದ 2021ರವರೆಗೆ ತಯಾರಿಸಿದ ಎರಡು ಆಸನಗಳ ಹಗುರ ಸ್ಪೋರ್ಟ್ಸ್ ಕಾರು. ಆಸನಗಳ ಹಿಂದೆ, ಹಿಂದಿನ ಅಚ್ಚಿನ ಮುಂದೆ ಅಡ್ಡಲಾಗಿ ಕೂರಿಸಿದ ನಾಲ್ಕು ಸಿಲಿಂಡರುಗಳ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ತೆಗೆದಿಡಬಹುದಾದ ಬಟ್ಟೆಯ ಮೇಲ್ಛಾವಣಿ, ಅಂಟಿನಿಂದ ಜೋಡಿಸಿದ ಅಲ್ಯೂಮಿನಿಯಂ ಚಾಸಿ ಮತ್ತು ಗಾಜಿನ ನಾರಿನ ಹೊರಮೈ ಇದರ ಮುಖ್ಯ ಲಕ್ಷಣಗಳು. ನಾರ್ಫೋಕ್ ಪ್ರಾಂತ್ಯದ ಹೆಥೆಲ್ ಎಂಬಲ್ಲಿರುವ ಕಾರ್ಖಾನೆಯಲ್ಲಿ ಒಟ್ಟು 35,124 ಎಲೀಸ್ ಕಾರುಗಳು ತಯಾರಾದವು. ಮೊದಲ ಸರಣಿಯ ಕಾರಿನ ಘೋಷಿತ ತೂಕ 725 ಕಿ.ಗ್ರಾಂ. ಅದೇ ಕಾಲದ ಇತರ ಸ್ಪೋರ್ಟ್ಸ್ ಕಾರುಗಳಿಗೆ ಹೋಲಿಸಿದರೆ ಇದು ಅಸಾಧಾರಣವಾಗಿ ಕಡಿಮೆ. ಈ ತೂಕವನ್ನು ಸಾಧಿಸಿದ ಬಗೆ, ನಂತರದ 25 ವರ್ಷಗಳಲ್ಲಿ ಅದು ಏರುತ್ತ ಹೋದ ಕಾರಣ ಮತ್ತು ಅದಕ್ಕೆ ತೆತ್ತ ಬೆಲೆ, ಈ ಮೂರೂ ಸೇರಿ ಎಲೀಸ್‌ನ ಇತಿಹಾಸವಾಗಿದೆ.

ಹಿನ್ನೆಲೆ

ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್ಮನ್ ಕಾರಿನ ವೇಗವನ್ನು ಎಂಜಿನ್ನಿನ ಗಾತ್ರದಿಂದ ಹೆಚ್ಚಿಸುವುದಕ್ಕಿಂತ ತೂಕವನ್ನು ತಗ್ಗಿಸಿ ಹೆಚ್ಚಿಸುವುದೇ ಸರಿಯಾದ ದಾರಿ ಎಂದು ನಂಬಿದ್ದರು. 1957ರಲ್ಲಿ ಬಂದ ಲೋಟಸ್ ಸೆವೆನ್ ಮತ್ತು 1962ರ ಎಲಾನ್ ಈ ನಂಬಿಕೆಯ ಫಲಗಳು. ಚಾಪ್ಮನ್ 1982ರಲ್ಲಿ ನಿಧನರಾದ ನಂತರ ಸಂಸ್ಥೆಯು ಆರ್ಥಿಕವಾಗಿ ಸೊರಗಿತು. 1986ರಲ್ಲಿ ಅದನ್ನು ಅಮೆರಿಕದ ಜನರಲ್ ಮೋಟಾರ್ಸ್ ಕೊಂಡುಕೊಂಡಿತು. ಆ ಅವಧಿಯಲ್ಲಿ ಅಪಾರ ಹಣ ಸುರಿದು ರೂಪಿಸಿದ, ಮುಂದಿನ ಚಕ್ರಗಳಿಗೆ ಚಾಲನೆ ನೀಡುವ ಹೊಸ ಎಲಾನ್ ಕಾರು ವಿಮರ್ಶಕರ ಮೆಚ್ಚುಗೆ ಪಡೆದರೂ ನಷ್ಟವನ್ನೇ ತಂದಿತು. 1993ರಲ್ಲಿ ಲೋಟಸ್, ಆಗ ಬುಗಾಟಿಯ ಒಡೆಯರಾಗಿದ್ದ ಇಟಲಿಯ ಉದ್ಯಮಿ ರೊಮಾನೊ ಆರ್ಟಿಯೋಲಿ ಅವರ ಕೈಗೆ ಬಂತು.

ಹೊಸ ಕಾರಿನ ಕೆಲಸ 1994ರ ಆರಂಭದಲ್ಲಿ ಶುರುವಾಯಿತು. ವಿನ್ಯಾಸವನ್ನು ಜೂಲಿಯನ್ ಥಾಮ್ಸನ್ ಅವರ ನೇತೃತ್ವದ ತಂಡ ರೂಪಿಸಿದರೆ, ಚಾಸಿಯ ಎಂಜಿನಿಯರಿಂಗ್ ಹೊಣೆ ರಿಚರ್ಡ್ ರಾಕ್‌ಹ್ಯಾಮ್ ಅವರದಾಗಿತ್ತು. ಸಂಸ್ಥೆಯ ಬಳಿ ಹೆಚ್ಚು ಹಣವಿರಲಿಲ್ಲ. ವರ್ಷಕ್ಕೆ ಕೆಲವು ನೂರು ಕಾರುಗಳು ಮಾರಾಟವಾದರೆ ಸಾಕು ಎಂಬ ಅಂದಾಜಿನ ಮೇಲೆಯೇ ಯೋಜನೆ ಸಾಗಿತು. 1995ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಕಾರನ್ನು ಅನಾವರಣಗೊಳಿಸಲಾಯಿತು. ಆರ್ಟಿಯೋಲಿ ಅವರ ಪುಟ್ಟ ಮೊಮ್ಮಗಳು ಎಲೀಸಾಳ ಹೆಸರನ್ನೇ ಕಾರಿಗೆ ಇಡಲಾಯಿತು. ಲೋಟಸ್ ಕಾರುಗಳ ಹೆಸರುಗಳು ಇಂಗ್ಲಿಷಿನ ‘ಇ’ ಅಕ್ಷರದಿಂದ ಆರಂಭವಾಗುವ ವಾಡಿಕೆಗೂ ಇದು ಹೊಂದಿಕೊಂಡಿತು. ಸಂಸ್ಥೆಯ ಒಳಗಣ ದಾಖಲೆಗಳಲ್ಲಿ ಕಾರಿನ ಸಂಖ್ಯೆ 111. ಮುಂದೆ ಬಂದ ‘111ಎಸ್’, ‘111ಆರ್’ ಎಂಬ ಮಾದರಿ ಹೆಸರುಗಳ ಮೂಲ ಇದೇ. ಹಲವರು ತಿಳಿದಿರುವಂತೆ ಅದು ಅಶ್ವಶಕ್ತಿಯ ಸಂಖ್ಯೆಯಲ್ಲ.

ಕಾರು ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಅಷ್ಟರಲ್ಲಿ ಬುಗಾಟಿ ದಿವಾಳಿಯಾಗಿತ್ತು. ಅದೇ ವರ್ಷ ಲೋಟಸ್‌ನ ಬಹುಪಾಲು ಒಡೆತನ ಮಲೇಷ್ಯಾದ ಪ್ರೋಟಾನ್ ಸಂಸ್ಥೆಗೆ ಹೋಯಿತು. ಸಂಸ್ಥೆಯನ್ನು ಉಳಿಸಿದ್ದು ಎಲೀಸ್ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ, ಮತ್ತು ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಅಂದಾಜಿಗೆ ಮೀರಿ ಬೇಡಿಕೆ ಬಂದುದರಿಂದ ಉತ್ಪಾದನೆಯನ್ನು ಬೇಗನೆ ಹೆಚ್ಚಿಸಬೇಕಾಯಿತು.

ಚಾಸಿ

ಎಲೀಸ್‌ನ ತಾಂತ್ರಿಕ ಮಹತ್ವವೆಲ್ಲ ಅದರ ಚಾಸಿಯಲ್ಲಿದೆ. ಚಕ್ಕುಲಿ ಒರಳಿನ ಬಿಲ್ಲೆಯಿಂದ ಹಿಟ್ಟು ಒಂದೇ ಆಕಾರದಲ್ಲಿ ಹೊರಬರುವಂತೆ, ಕಾಯಿಸಿದ ಅಲ್ಯೂಮಿನಿಯಂ ಅನ್ನು ಅಚ್ಚಿನ ಬಾಯಿಯಿಂದ ಬಲವಾಗಿ ಒತ್ತಿ ಉದ್ದನೆಯ ಟೊಳ್ಳು ಪಟ್ಟಿಗಳನ್ನು ತಯಾರಿಸಲಾಗುತ್ತದೆ. ಅಚ್ಚಿನ ಆಕಾರ ಹೇಗಿದೆಯೋ ಪಟ್ಟಿಯ ಅಡ್ಡಕೊಯ್ತವೂ ಹಾಗೆಯೇ ಇರುವುದರಿಂದ, ಬಲ ಬೇಕಾದಲ್ಲಿ ಮಾತ್ರ ಲೋಹವನ್ನು ದಪ್ಪವಾಗಿಸಿ ಉಳಿದೆಡೆ ತೆಳುವಾಗಿಸಲು ಸಾಧ್ಯ. ಈ ಪಟ್ಟಿಗಳನ್ನು ಅಳತೆಗೆ ಕತ್ತರಿಸಿ, ತೊಟ್ಟಿಯ ಆಕಾರಕ್ಕೆ ಜೋಡಿಸಿದರೆ ಚಾಸಿ ಸಿದ್ಧವಾಗುತ್ತದೆ. ಮೊದಲ ಸರಣಿಯಲ್ಲಿ ಅದರ ತೂಕ ಕೇವಲ 68 ಕಿ.ಗ್ರಾಂ, ಅಂದರೆ ಒಬ್ಬ ವಯಸ್ಕ ವ್ಯಕ್ತಿಯಷ್ಟು.

ಜೋಡಣೆಗೆ ಬೆಸುಗೆಯ ಬದಲು ಎಪಾಕ್ಸಿ ಅಂಟನ್ನು ಬಳಸಲಾಯಿತು. ಇದಕ್ಕೆ ಸ್ಪಷ್ಟ ಕಾರಣವಿದೆ. ಶಾಖೋಪಚಾರದಿಂದ ಬಲಪಡಿಸಿದ ಅಲ್ಯೂಮಿನಿಯಂ ಬೆಸುಗೆಯ ಶಾಖಕ್ಕೆ ಸಿಕ್ಕಾಗ ಬೆಸುಗೆಯ ಸುತ್ತಲಿನ ಭಾಗದಲ್ಲಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ತುಂಬಲು ಇಡೀ ಪಟ್ಟಿಯನ್ನೇ ದಪ್ಪ ಮಾಡಬೇಕಾಗುತ್ತದೆ. ಆಗ ಹಗುರ ಲೋಹ ಬಳಸಿದ ಪ್ರಯೋಜನದ ಒಂದು ಪಾಲು ಅಲ್ಲಿಯೇ ಕರಗಿಹೋಗುತ್ತದೆ. ಅಂಟಿಗೆ ಈ ದೋಷವಿಲ್ಲ. ಅದು ಒಂದು ಬಿಂದುವಿನಲ್ಲಿ ಹಿಡಿಯದೆ ಕೂಡುವ ಮೇಲ್ಮೈಯುದ್ದಕ್ಕೂ ಹಿಡಿಯುವುದರಿಂದ ಒತ್ತಡವೂ ಹರಡುತ್ತದೆ. ಆದರೆ ಅಂಟು ಎಳೆತಕ್ಕೆ ನಿಲ್ಲುವಷ್ಟು ಚೆನ್ನಾಗಿ ಸಿಪ್ಪೆ ಸುಲಿದಂತೆ ಬಿಡಿಸುವ ಬಲಕ್ಕೆ ನಿಲ್ಲುವುದಿಲ್ಲ. ಅಪಘಾತದಲ್ಲಿ ಕೀಲುಗಳು ತುದಿಯಿಂದ ಸುಲಿದುಕೊಳ್ಳದಂತೆ ಆಯ್ದ ಸ್ಥಳಗಳಲ್ಲಿ ತಿರುಪುಮೊಳೆಯಂಥ ಬಂಧಕಗಳನ್ನೂ ಹಾಕಲಾಗಿದೆ. ಅಂಟನ್ನು ಒಲೆಯಲ್ಲಿ ಕಾಯಿಸಿ ಗಟ್ಟಿಗೊಳಿಸಲಾಗುತ್ತದೆ.

ಈ ವಿಧಾನವನ್ನು ಲೋಟಸ್, ನಾರ್ವೆಯ ಹೈಡ್ರೋ ಅಲ್ಯೂಮಿನಿಯಂ ಸಂಸ್ಥೆಯ ಜೊತೆಗೂಡಿ ಅಭಿವೃದ್ಧಿಪಡಿಸಿತು. ಆರಂಭದಲ್ಲಿ ಚಾಸಿಗಳು ಡೆನ್ಮಾರ್ಕಿನ ಟೋಂಡರ್ ಪಟ್ಟಣದಲ್ಲಿದ್ದ ಹೈಡ್ರೋ ಕಾರ್ಖಾನೆಯಿಂದ ಬರುತ್ತಿದ್ದವು. ಕೆಲವು ನೂರು ಕಾರುಗಳ ಲೆಕ್ಕದಲ್ಲಿ ಯೋಚಿಸುತ್ತಿದ್ದ ಸಂಸ್ಥೆಗೆ ಇದರಲ್ಲಿ ಇನ್ನೊಂದು ಲಾಭವೂ ಇತ್ತು: ಉಕ್ಕಿನ ತಗಡನ್ನು ಒತ್ತಿ ಆಕಾರ ಕೊಡುವ ದೈತ್ಯ ಅಚ್ಚುಗಳಿಗೆ ಹೋಲಿಸಿದರೆ ಪಟ್ಟಿಗಳನ್ನು ಹೊರತೆಗೆಯುವ ಅಚ್ಚುಗಳು ಬಹಳ ಅಗ್ಗ.

ಅನಾನುಕೂಲಗಳೂ ಇಲ್ಲದಿಲ್ಲ. ತೊಟ್ಟಿಯಾಕಾರದ ಚಾಸಿ ಬಿಗುವಾಗಿರಬೇಕಾದರೆ ಎರಡೂ ಬದಿಯ ತೊಲೆಗಳು ಎತ್ತರವಾಗಿ ಅಗಲವಾಗಿ ಇರಬೇಕು. ಹೀಗಾಗಿ ಬಾಗಿಲ ಕೆಳಗಿನ ಹೊಸ್ತಿಲು ದೊಡ್ಡದಾಗಿ, ಕಾರಿನೊಳಗೆ ಕೂರುವುದು ಏಳುವುದು ಒಂದು ಕಸರತ್ತೇ ಆಯಿತು, ಅದರಲ್ಲೂ ಮೇಲ್ಛಾವಣಿ ಮುಚ್ಚಿರುವಾಗ. ಬಲವಾದ ಡಿಕ್ಕಿಯಲ್ಲಿ ಅಂಟಿನ ಕೀಲುಗಳು ಬಿಟ್ಟರೆ ಸಾಮಾನ್ಯ ಕಾರ್ಯಾಗಾರದಲ್ಲಿ ಅದನ್ನು ಸರಿಪಡಿಸಲಾಗದು, ಚಾಸಿಯನ್ನೇ ಬದಲಿಸಬೇಕಾಗುತ್ತದೆ. ಹೊರಮೈಯ ಮುಂಭಾಗ ಮತ್ತು ಹಿಂಭಾಗಗಳು ಚಿಪ್ಪಿನಂತೆ ಒಂದೊಂದೇ ದೊಡ್ಡ ತುಂಡಾಗಿರುವುದರಿಂದ, ಮೂಲೆಯಲ್ಲಿ ಆದ ಸಣ್ಣ ಬಿರುಕಿಗೂ ದೊಡ್ಡ ದುರಸ್ತಿಯ ಖರ್ಚು ಬರಬಹುದು. ಹಳೆಯ ಎಲೀಸ್ ಕೊಳ್ಳುವವರು ಎಂಜಿನ್ನಿಗಿಂತ ಮೊದಲು ಚಾಸಿಯನ್ನೂ ಈ ಚಿಪ್ಪುಗಳನ್ನೂ ಪರೀಕ್ಷಿಸುವುದು ಈ ಕಾರಣದಿಂದಲೇ.

ತೂಕದ ಲೆಕ್ಕ

ಕಾರಿನ ಒಂದು ಭಾಗ ಹಗುರವಾದರೆ ಅದರ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಚಾಸಿ ಹಗುರವಾದಾಗ ಸಣ್ಣ ಎಂಜಿನ್ ಸಾಕಾಗುತ್ತದೆ. ಎಂಜಿನ್ ಸಣ್ಣದಾದರೆ ಗೇರ್‌ಬಾಕ್ಸ್, ಬ್ರೇಕ್, ಸ್ಪ್ರಿಂಗ್, ಟೈರುಗಳೂ ಸಣ್ಣವಾಗುತ್ತವೆ. ಅವು ಹಗುರವಾದುದರಿಂದ ಚಾಸಿ ಹೊರಬೇಕಾದ ಭಾರ ಮತ್ತೆ ಇಳಿಯುತ್ತದೆ. ಎಲೀಸ್‌ನ ಮುಂಭಾಗ ಎಷ್ಟು ಹಗುರವಾಗಿದೆಯೆಂದರೆ ಸ್ಟಿಯರಿಂಗಿಗೆ ಪವರ್ ನೆರವನ್ನೇ ಕೊಟ್ಟಿಲ್ಲ. 25 ವರ್ಷಗಳ ಉದ್ದಕ್ಕೂ ಈ ನಿರ್ಧಾರ ಬದಲಾಗಲಿಲ್ಲ. ರಸ್ತೆಯ ಏರಿಳಿತಗಳು ಚಾಲಕನ ಕೈಗೆ ನೇರವಾಗಿ ತಿಳಿಯುವ ಸ್ಟಿಯರಿಂಗ್ ಎಂದು ಎಲೀಸ್ ಪಡೆದ ಖ್ಯಾತಿಗೆ ಇದೇ ಆಧಾರ.

ತೂಕ ಏನು ಮಾಡುತ್ತದೆ ಎಂಬುದನ್ನು ತೋರಿಸಲು ಎಲೀಸ್‌ನ ಕಾಲದಲ್ಲಿಯೇ ಒಂದು ಅನುಕೂಲಕರ ಹೋಲಿಕೆ ದೊರೆಯುತ್ತದೆ. 1995ರಲ್ಲಿ ಬಂದ ರೋವರ್ ಸಂಸ್ಥೆಯ ಎಂಜಿಎಫ್ ಕೂಡ ಬ್ರಿಟನ್ನಿನದೇ ಎರಡು ಆಸನಗಳ ಕಾರು; ಅದರ ಎಂಜಿನ್ ಕೂಡ ಆಸನಗಳ ಹಿಂದೆಯೇ ಇತ್ತು. ಅಷ್ಟೇ ಅಲ್ಲ, ಎರಡರಲ್ಲೂ ಇದ್ದದ್ದು ಒಂದೇ ಎಂಜಿನ್: 118 ಅಶ್ವಶಕ್ತಿಯ ರೋವರ್ ಕೆ-ಸರಣಿ. ಎಂಜಿಎಫ್ ತೂಕ ಸುಮಾರು 1,060 ಕಿ.ಗ್ರಾಂ. ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ವೇಗ ತಲುಪಲು ಅದಕ್ಕೆ ಸುಮಾರು 8.5 ಸೆಕೆಂಡು ಬೇಕಾದರೆ, ಎಲೀಸ್‌ಗೆ 6 ಸೆಕೆಂಡಿಗಿಂತ ಕಡಿಮೆ ಸಾಕಿತ್ತು. ಒಂದು ಅಶ್ವಶಕ್ತಿಗೆ ಎಂಜಿಎಫ್‌ನಲ್ಲಿ ಸುಮಾರು 9 ಕಿ.ಗ್ರಾಂ ಭಾರ ಬಿದ್ದರೆ, ಎಲೀಸ್‌ನಲ್ಲಿ ಬಿದ್ದದ್ದು ಸುಮಾರು 6.1 ಕಿ.ಗ್ರಾಂ. ಗೇರುಗಳ ಅನುಪಾತದಂಥ ಇತರ ವ್ಯತ್ಯಾಸಗಳೂ ಇದಕ್ಕೆ ಕಾರಣವಾದರೂ ಮುಖ್ಯ ಕಾರಣ ತೂಕವೇ.

ಬ್ರೇಕಿನ ವಿಷಯದಲ್ಲೂ ಇದೇ ನಿಯಮ. ಒಂದೇ ವೇಗದಲ್ಲಿ ಓಡುವ ಎರಡು ಕಾರುಗಳಲ್ಲಿ ಚಲನಶಕ್ತಿಯು ತೂಕಕ್ಕೆ ಅನುಗುಣವಾಗಿರುತ್ತದೆ. ನಿಲ್ಲಿಸುವಾಗ ಆ ಶಕ್ತಿಯೆಲ್ಲ ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡುತ್ತದೆ. ತಿರುವುಗಳಲ್ಲಿ ಟೈರಿನ ಹಿಡಿತ ಅದರ ಮೇಲಿನ ಭಾರದೊಂದಿಗೆ ಹೆಚ್ಚುತ್ತದೆಯಾದರೂ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದುದರಿಂದ ಒಂದೇ ಟೈರಿನ ಮೇಲೆ ಹಗುರ ಕಾರು ತಿರುವನ್ನು ಹೆಚ್ಚು ವೇಗವಾಗಿ ದಾಟಬಲ್ಲದು. ಗರಿಷ್ಠ ವೇಗ ಮಾತ್ರ ಇದಕ್ಕೆ ಹೊರತು. ಅದು ಮುಖ್ಯವಾಗಿ ಎಂಜಿನ್ನಿನ ಶಕ್ತಿ ಮತ್ತು ಗಾಳಿಯ ತಡೆಯನ್ನು ಅವಲಂಬಿಸಿದೆ. ಮೊದಲ ಎಲೀಸ್‌ನ ಗರಿಷ್ಠ ವೇಗ ಗಂಟೆಗೆ ಸುಮಾರು 200 ಕಿ.ಮೀ. ಇದು ಎಂಜಿಎಫ್‌ಗಿಂತ ಅಷ್ಟೇನೂ ಹೆಚ್ಚಲ್ಲ.

ಮೊದಲ ಸರಣಿ (1996–2000)

ಮೊದಲ ಸರಣಿಯ ಕಾರು ಸುಮಾರು 3.73 ಮೀಟರ್ ಉದ್ದವಿತ್ತು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2.3 ಮೀಟರ್. 1,796 ಘನ ಸೆಂ.ಮೀ. ಗಾತ್ರದ ರೋವರ್ ಎಂಜಿನ್ 118 ಅಶ್ವಶಕ್ತಿಯನ್ನೂ 165 ನ್ಯೂಟನ್-ಮೀಟರ್ ಟಾರ್ಕನ್ನೂ ನೀಡುತ್ತಿತ್ತು. ಗೇರ್‌ಬಾಕ್ಸ್ ಐದು ಗೇರುಗಳದು. ನಾಲ್ಕೂ ಚಕ್ರಗಳಿಗೆ ಜೋಡಿ ವಿಶ್‌ಬೋನ್ ಸಸ್ಪೆನ್ಷನ್ ಇತ್ತು. ಮುಂದಿನ ಟೈರುಗಳು ಹಿಂದಿನವಕ್ಕಿಂತ ಕಿರಿದಾಗಿದ್ದವು. ಒಳಗೆ ನೋಡಿದರೆ ಅಲ್ಯೂಮಿನಿಯಂ ಚಾಸಿಯೇ ಬರಿಮೈಯಲ್ಲಿ ಕಾಣಿಸುತ್ತಿತ್ತು. ಪೆಡಲುಗಳು ಕೂಡ ಅದೇ ರೀತಿ ಅಚ್ಚಿನಿಂದ ಹೊರತೆಗೆದ ಅಲ್ಯೂಮಿನಿಯಂ ತುಂಡುಗಳು. ಹವಾನಿಯಂತ್ರಣ, ಏರ್‌ಬ್ಯಾಗ್, ಎಬಿಎಸ್ ಯಾವುದೂ ಇರಲಿಲ್ಲ.

ಆರಂಭದ ಕಾರುಗಳಲ್ಲಿ ಬ್ರೇಕಿನ ಡಿಸ್ಕುಗಳು ಸಹ ಅಲ್ಯೂಮಿನಿಯಂ ಮಿಶ್ರಣದವು. ಪಿಂಗಾಣಿಯಂಥ ಗಟ್ಟಿ ಕಣಗಳನ್ನು ಬೆರೆಸಿ ತಯಾರಿಸಿದ ಈ ಡಿಸ್ಕುಗಳು ಎರಕದ ಕಬ್ಬಿಣದ ಡಿಸ್ಕುಗಳಿಗಿಂತ ಬಹಳ ಹಗುರ. ಆದರೆ ಅವುಗಳನ್ನು ಪೂರೈಸುತ್ತಿದ್ದ ಸಂಸ್ಥೆಯಿಂದ ಸರಬರಾಜು ನಿಂತುಹೋದ ಕಾರಣ ಕೆಲವೇ ವರ್ಷಗಳಲ್ಲಿ ಮಾಮೂಲಿ ಕಬ್ಬಿಣದ ಡಿಸ್ಕುಗಳಿಗೆ ಮರಳಬೇಕಾಯಿತು. ಹೀಗೆ ಕಾರಿನ ತೂಕದ ಮೊದಲ ಏರಿಕೆಗೆ ಕಾರಣವಾದದ್ದು ಕಾನೂನೂ ಅಲ್ಲ, ಗ್ರಾಹಕರ ಬೇಡಿಕೆಯೂ ಅಲ್ಲ.

ಕೆ-ಸರಣಿಯ ಎಂಜಿನ್ ಹಗುರವಾದದ್ದು, ಚುರುಕಾದದ್ದು. ಜೊತೆಗೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಒಡೆಯುವ ದೌರ್ಬಲ್ಯಕ್ಕೂ ಅದು ಕುಖ್ಯಾತ. ತಂಪುಗೊಳಿಸುವ ನೀರಿನ ಪ್ರಮಾಣ ಕಡಿಮೆಯಿರುವುದರಿಂದ ಸ್ವಲ್ಪ ಸೋರಿಕೆಯಾದರೂ ಎಂಜಿನ್ ಬೇಗ ಬಿಸಿಯೇರುತ್ತದೆ. ಎಲೀಸ್‌ನಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇರುವುದರಿಂದ ನೀರು ಉದ್ದನೆಯ ಕೊಳವೆಗಳಲ್ಲಿ ಸಾಗಬೇಕು. ಹಾಗಾಗಿ ನೀರಿನ ಮಟ್ಟವನ್ನು ಗಮನಿಸುತ್ತಿರುವುದು ಈ ಕಾರುಗಳ ಮಾಲೀಕರಿಗೆ ಅನಿವಾರ್ಯ.

1999ರಲ್ಲಿ ಬಂದ 111ಎಸ್ ಮಾದರಿಯಲ್ಲಿ ಕವಾಟಗಳು ತೆರೆದಿರುವ ಅವಧಿಯನ್ನು ಬದಲಿಸಬಲ್ಲ 143 ಅಶ್ವಶಕ್ತಿಯ ಎಂಜಿನ್ ಇತ್ತು. ಬಾಗಿಲು, ಛಾವಣಿಗಳಿಲ್ಲದ 340ಆರ್ ಎಂಬ ವಿಶೇಷ ಮಾದರಿಯನ್ನು ಹೆಸರಿಗೆ ತಕ್ಕಂತೆ 340 ಮಾತ್ರ ತಯಾರಿಸಲಾಯಿತು.

ಎರಡನೆಯ ಸರಣಿ (2000–2010)

ಯುರೋಪಿನಲ್ಲಿ ಜಾರಿಗೆ ಬರಲಿದ್ದ ಹೊಸ ಅಪಘಾತ ಸುರಕ್ಷತಾ ನಿಯಮಗಳಿಗೆ ಮೊದಲ ಸರಣಿ ಹೊಂದುತ್ತಿರಲಿಲ್ಲ. ಹೊಸ ಕಾರನ್ನು ರೂಪಿಸುವಷ್ಟು ಹಣ ಲೋಟಸ್ ಬಳಿ ಇರಲಿಲ್ಲ. ಆಗ ನೆರವಾದದ್ದು ಹಿಂದೊಮ್ಮೆ ಲೋಟಸ್ಸನ್ನು ಮಾರಿದ್ದ ಜನರಲ್ ಮೋಟಾರ್ಸ್. ತನ್ನ ಓಪೆಲ್ ಮತ್ತು ವಾಕ್ಸ್‌ಹಾಲ್ ಹೆಸರುಗಳಲ್ಲಿ ಮಾರಲು ಒಂದು ಸಣ್ಣ ಸ್ಪೋರ್ಟ್ಸ್ ಕಾರು ಅದಕ್ಕೆ ಬೇಕಿತ್ತು. ಆ ಒಪ್ಪಂದದ ಹಣದಿಂದ ಎಲೀಸ್‌ನ ಎರಡನೆಯ ಸರಣಿಯೂ, ಓಪೆಲ್ ಸ್ಪೀಡ್‌ಸ್ಟರ್ ಮತ್ತು ವಾಕ್ಸ್‌ಹಾಲ್ ವಿಎಕ್ಸ್220 ಎಂಬ ಅವಳಿ ಕಾರುಗಳೂ ಒಟ್ಟಿಗೆ ರೂಪುಗೊಂಡು, ಮೂರೂ ಹೆಥೆಲ್‌ನಲ್ಲಿಯೇ ತಯಾರಾದವು. ಓಪೆಲ್ ಕಾರಿಗೆ 2.2 ಲೀಟರಿನ ಬೇರೆ ಎಂಜಿನ್ನಿತ್ತು. ಏರ್‌ಬ್ಯಾಗ್ ಮತ್ತು ಎಬಿಎಸ್ ಸಹ ಇದ್ದವು. ಅದರ ತೂಕ ಸುಮಾರು 870 ಕಿ.ಗ್ರಾಂ. ಅದರ ಉತ್ಪಾದನೆ 2005ರಲ್ಲಿ ನಿಂತಿತು.

ಎರಡನೆಯ ಸರಣಿಯನ್ನು 2000ದ ಅಕ್ಟೋಬರಿನಲ್ಲಿ ಪ್ರಕಟಿಸಲಾಯಿತು. ಸ್ಟೀವ್ ಕ್ರೈನ್ಸ್ ರೂಪಿಸಿದ ಹೊರಮೈ ಹಿಂದಿನದಕ್ಕಿಂತ ಚೂಪಾಗಿತ್ತು. ಒಳಹೋಗಲು ಅನುಕೂಲವಾಗಲೆಂದು ಬದಿಯ ತೊಲೆಗಳನ್ನು ತುಸು ತಗ್ಗಿಸಲಾಗಿತ್ತು. ಎಂಜಿನ್ ಮೊದಲು ರೋವರ್‌ನದೇ ಇತ್ತು.

ಎಂಜಿನ್ ಬದಲಾದದ್ದು ಅಮೆರಿಕದ ಕಾರಣದಿಂದ. ಅಲ್ಲಿನ ಹೊಗೆ ನಿಯಮಗಳಿಗೆ ರೋವರ್ ಎಂಜಿನ್ ಪ್ರಮಾಣಿತವಾಗಿರಲಿಲ್ಲ. 2004ರಿಂದ ಟೊಯೋಟಾದ 2ಜೆಡ್‌ಜೆಡ್-ಜಿಇ ಎಂಜಿನ್ ಬಳಕೆಗೆ ಬಂತು. ಯಾಮಹಾ ಸಹಯೋಗದಲ್ಲಿ ತಯಾರಾದ ಈ ಎಂಜಿನ್ನಿನ ಗಾತ್ರವೂ ಕಾಕತಾಳೀಯವಾಗಿ 1,796 ಘನ ಸೆಂ.ಮೀ. ಆದರೆ ಶಕ್ತಿ 189 ಅಶ್ವಶಕ್ತಿ. ಇದಕ್ಕೆ ಎರಡು ಬಗೆಯ ಕ್ಯಾಮ್‌ಗಳಿವೆ. ನಿಮಿಷಕ್ಕೆ ಸುಮಾರು 6,200 ಸುತ್ತುಗಳನ್ನು ದಾಟಿದಾಗ ಕವಾಟಗಳನ್ನು ಹೆಚ್ಚು ಎತ್ತುವ ಕ್ಯಾಮ್ ಕೆಲಸಕ್ಕೆ ಬರುತ್ತದೆ, ಮತ್ತು ಎಂಜಿನ್ನಿನ ಸ್ವರವೇ ಬದಲಾಗುತ್ತದೆ. ಗರಿಷ್ಠ ಶಕ್ತಿ ದೊರೆಯುವುದು 7,800 ಸುತ್ತುಗಳಲ್ಲಿ. ಆರು ಗೇರುಗಳ ಈ 111ಆರ್ ಮಾದರಿಯ ತೂಕ 860 ಕಿ.ಗ್ರಾಂ, ಗಂಟೆಗೆ 60 ಮೈಲಿ ವೇಗಕ್ಕೆ ಸುಮಾರು 5 ಸೆಕೆಂಡು, ಗರಿಷ್ಠ ವೇಗ ಗಂಟೆಗೆ 241 ಕಿ.ಮೀ. ಅಂದರೆ ತೂಕ ಹೆಚ್ಚಿದರೂ ಒಂದು ಅಶ್ವಶಕ್ತಿಗೆ ಬೀಳುವ ಭಾರ ಸುಮಾರು 4.6 ಕಿ.ಗ್ರಾಂಗೆ ಇಳಿದಿತ್ತು. ಎಲೀಸ್‌ನ ಮುಂದಿನ ಬೆಳವಣಿಗೆಯೆಲ್ಲ ಈ ದಾರಿಯಲ್ಲಿಯೇ ನಡೆಯಿತು: ಭಾರ ಕೂಡಿದಷ್ಟಕ್ಕೆ ಶಕ್ತಿಯನ್ನು ಇನ್ನೂ ಹೆಚ್ಚಾಗಿ ಕೂಡಿಸುವುದು. ಚಾಪ್ಮನ್ನರ ಸೂತ್ರವನ್ನು ಇದು ತಲೆಕೆಳಗು ಮಾಡಿತೆಂದು ಹೇಳಲಾಗದಿದ್ದರೂ ಅದರ ಕಟ್ಟುನಿಟ್ಟನ್ನು ಸಡಿಲಿಸಿತು ಎನ್ನಬಹುದು.

2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ಸಂಸ್ಥೆ ಕುಸಿದುಬಿದ್ದುದರಿಂದ ಅಗ್ಗದ ಮಾದರಿಗಳಿಗೂ ಟೊಯೋಟಾ ಎಂಜಿನ್ ಅನಿವಾರ್ಯವಾಯಿತು. 2006ರ ಎಲೀಸ್ ಎಸ್‌ನಲ್ಲಿ 134 ಅಶ್ವಶಕ್ತಿಯ 1.8 ಲೀಟರ್ ಎಂಜಿನ್ನನ್ನು ಅಳವಡಿಸಲಾಯಿತು. 2008ರಲ್ಲಿ ಸೂಪರ್‌ಚಾರ್ಜರ್ ಹೊಂದಿದ 218 ಅಶ್ವಶಕ್ತಿಯ ಎಲೀಸ್ ಎಸ್‌ಸಿ ಬಂತು.

ಅಮೆರಿಕದಲ್ಲಿ ಎಲೀಸ್‌ನ ಮಾರಾಟ 2011ರಲ್ಲಿ ನಿಂತಿತು. ಆಸನದಲ್ಲಿ ಕೂತವರ ತೂಕ ಮತ್ತು ಭಂಗಿಗೆ ತಕ್ಕಂತೆ ತೆರೆದುಕೊಳ್ಳುವ ಸುಧಾರಿತ ಏರ್‌ಬ್ಯಾಗುಗಳು ಅಲ್ಲಿ ಕಡ್ಡಾಯವಾಗಿದ್ದವು. ಸಣ್ಣ ತಯಾರಕ ಎಂಬ ಕಾರಣಕ್ಕೆ ಲೋಟಸ್‌ಗೆ ದೊರೆತಿದ್ದ ವಿನಾಯಿತಿಯ ಅವಧಿ ಆ ವರ್ಷ ಮುಗಿಯಿತು.

ಮೂರನೆಯ ಸರಣಿ (2010–2021)

ಮೂರನೆಯ ಸರಣಿಯು ವಾಸ್ತವವಾಗಿ ಎರಡನೆಯದರ ಪರಿಷ್ಕರಣೆ. ಮೂಲ ಮಾದರಿಗೆ 1.6 ಲೀಟರಿನ, 134 ಅಶ್ವಶಕ್ತಿಯ ಟೊಯೋಟಾ ಎಂಜಿನ್ನನ್ನು ಕೊಡಲಾಯಿತು. ಕಾರು 876 ಕಿ.ಗ್ರಾಂ ತೂಗುತ್ತಿತ್ತು. ಕಿಲೋಮೀಟರಿಗೆ 155 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಅಂದಿನ ಸ್ಪೋರ್ಟ್ಸ್ ಕಾರುಗಳಲ್ಲಿ ಗಮನಾರ್ಹವಾಗಿ ಕಡಿಮೆಯಾಗಿತ್ತು. ಹಗುರತೆಯ ಈ ಪ್ರಯೋಜನವನ್ನು ಲೋಟಸ್ ಜಾಹೀರಾತಿನಲ್ಲಿ ಹೇಳಿಕೊಂಡಿತು. ಮುಂದೆ 1.8 ಲೀಟರಿನ ಸೂಪರ್‌ಚಾರ್ಜ್ಡ್ ಎಂಜಿನ್‌ಗಳೂ ಸೇರಿದವು.

2017ರಲ್ಲಿ ಬಂದ ಎಲೀಸ್ ಸ್ಪ್ರಿಂಟ್ ಮಾದರಿಯಲ್ಲಿ ತೂಕ ಇಳಿಸುವ ಪ್ರಯತ್ನ ಮತ್ತೆ ಕಾಣಿಸಿತು. ಲೀಥಿಯಂ ಅಯಾನ್ ಬ್ಯಾಟರಿಯಿಂದ 9 ಕಿ.ಗ್ರಾಂ, ಕಾರ್ಬನ್ ನಾರಿನ ಆಸನಗಳಿಂದ 6 ಕಿ.ಗ್ರಾಂ, ಕುಲುಮೆಯಲ್ಲಿ ಬಡಿದು ರೂಪಿಸಿದ ಮಿಶ್ರಲೋಹದ ಚಕ್ರಗಳಿಂದ 5 ಕಿ.ಗ್ರಾಂ ಹೀಗೆ ಚೂರುಚೂರಾಗಿ ಉಳಿಸಿ, ಇಂಧನ ಮತ್ತಿತರ ದ್ರವಗಳನ್ನು ಬಿಟ್ಟ ತೂಕವನ್ನು 798 ಕಿ.ಗ್ರಾಂಗೆ ತರಲಾಯಿತು. ತಯಾರಕರು ಪ್ರಕಟಿಸುವ ತೂಕಗಳನ್ನು ಹೋಲಿಸುವಾಗ ಅದು ದ್ರವಗಳನ್ನು ಸೇರಿಸಿದ್ದೇ, ಬಿಟ್ಟದ್ದೇ ಎಂಬುದನ್ನು ನೋಡುವುದು ಅಗತ್ಯ. ಇಷ್ಟು ಹಗುರ ಕಾರಿನಲ್ಲಿ ತುಂಬಿದ ಪೆಟ್ರೋಲ್ ಟ್ಯಾಂಕೊಂದೇ ತೂಕದ ಶೇ. 3ಕ್ಕಿಂತ ಹೆಚ್ಚಾಗುತ್ತದೆ.

2021ರ ಆರಂಭದಲ್ಲಿ ಪ್ರಕಟವಾದ ಸ್ಪೋರ್ಟ್ 240 ಫೈನಲ್ ಎಡಿಷನ್ ಮತ್ತು ಕಪ್ 250 ಫೈನಲ್ ಎಡಿಷನ್ ಕೊನೆಯ ಮಾದರಿಗಳು. ಸ್ಪೋರ್ಟ್ 240ಯ ಶಕ್ತಿ 240 ಅಶ್ವಶಕ್ತಿ, ತೂಕ 922 ಕಿ.ಗ್ರಾಂ, ಹಗುರಗೊಳಿಸುವ ಐಚ್ಛಿಕ ಭಾಗಗಳನ್ನೆಲ್ಲ ಕೊಂಡರೆ 898 ಕಿ.ಗ್ರಾಂ. ಗಂಟೆಗೆ 60 ಮೈಲಿ ವೇಗವನ್ನು ಇದು 4.1 ಸೆಕೆಂಡಿನಲ್ಲಿ ತಲುಪುತ್ತದೆ. ಮೊದಲ ಎಲೀಸ್‌ಗೆ ಹೋಲಿಸಿದರೆ ತೂಕ ಶೇ. 27ರಷ್ಟು ಹೆಚ್ಚಿದ್ದರೆ ಶಕ್ತಿ ದುಪ್ಪಟ್ಟಾಗಿದೆ.

ಬೆಲೆ

1996ರಲ್ಲಿ ಬ್ರಿಟನ್ನಿನಲ್ಲಿ ಎಲೀಸ್‌ನ ಆರಂಭಿಕ ಬೆಲೆ 19,000 ಪೌಂಡ್‌ಗಿಂತ ತುಸು ಕಡಿಮೆಯಿತ್ತು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 10 ಲಕ್ಷ ರೂಪಾಯಿ. ಹೊಸ ಬಗೆಯ ಚಾಸಿಯನ್ನು ಹೊಂದಿದ, ಕೈಯಿಂದ ಜೋಡಿಸಿದ ಕಾರಿಗೆ ಈ ಬೆಲೆ ಆಶ್ಚರ್ಯಕರವಾಗಿ ಕಡಿಮೆ. ಎಂಜಿನ್, ಗೇರ್‌ಬಾಕ್ಸ್ ಮತ್ತು ಹಲವು ಸಣ್ಣ ಭಾಗಗಳನ್ನು ಬೇರೆ ತಯಾರಕರ ಸಾಮಾನ್ಯ ಕಾರುಗಳಿಂದ ಎತ್ತಿಕೊಂಡದ್ದು, ಒಳಗಿನ ಅಲಂಕಾರವನ್ನು ಬಹುತೇಕ ಕೈಬಿಟ್ಟದ್ದು ಇದನ್ನು ಸಾಧ್ಯವಾಗಿಸಿದವು. ಹವಾನಿಯಂತ್ರಣ ಇಲ್ಲದಿರುವುದು ತೂಕವನ್ನೂ ಇಳಿಸಿತು, ಖರ್ಚನ್ನೂ ಇಳಿಸಿತು. ಆರಂಭದಲ್ಲಿ ಹಗುರತೆ ಮತ್ತು ಅಗ್ಗದ ಬೆಲೆ ಒಂದೇ ದಾರಿಯಲ್ಲಿ ನಡೆದವು ಎಂಬುದು ಎಲೀಸ್‌ನ ವಿಶೇಷ.

ಆ ದಾರಿಗಳು ಕ್ರಮೇಣ ಬೇರೆಯಾದವು. 2004ರಲ್ಲಿ ಟೊಯೋಟಾ ಎಂಜಿನ್ನಿನ 111ಆರ್ ಬ್ರಿಟನ್ನಿನಲ್ಲಿ ಸುಮಾರು 28,000 ಪೌಂಡ್‌ಗೆ, ಅಮೆರಿಕದಲ್ಲಿ ಸುಮಾರು 40,000 ಡಾಲರ್‌ಗೆ ಮಾರಾಟವಾಯಿತು. ಅಮೆರಿಕದಲ್ಲಿ ಮಾರಾಟ ನಿಲ್ಲುವ ಹೊತ್ತಿಗೆ ಅಲ್ಲಿನ ಬೆಲೆ 50,000 ಡಾಲರ್ ದಾಟಿತ್ತು. ಬ್ರಿಟನ್ನಿನಲ್ಲಿ 2010ರ 1.6 ಲೀಟರಿನ ಮೂಲ ಮಾದರಿಯ ಬೆಲೆ 27,000 ಪೌಂಡ್‌ಗಿಂತ ತುಸು ಹೆಚ್ಚಿತ್ತು. 2017ರಲ್ಲಿ ಎಲೀಸ್ ಸ್ಪೋರ್ಟ್ ಸುಮಾರು 32,000 ಪೌಂಡ್ ಆಗಿದ್ದರೆ, ಅದೇ ಎಂಜಿನ್ನಿನ, ಆದರೆ ಹಗುರಗೊಳಿಸಿದ ಸ್ಪ್ರಿಂಟ್‌ಗೆ ಸುಮಾರು 37,000 ಪೌಂಡ್ ಕೊಡಬೇಕಿತ್ತು. ಹೆಚ್ಚುವರಿ 5,000 ಪೌಂಡ್ ಕೊಟ್ಟವರಿಗೆ ದೊರೆತದ್ದು ಮುಖ್ಯವಾಗಿ ಕಡಿಮೆ ತೂಕ. ಮೊದಲು ವಸ್ತುಗಳನ್ನು ಬಿಟ್ಟು ಹಗುರವಾಗಿದ್ದ ಕಾರು ಈಗ ದುಬಾರಿ ವಸ್ತುಗಳನ್ನು ಬಳಸಿ ಹಗುರವಾಗಬೇಕಿತ್ತು. ಬಿಡಲು ಇನ್ನೇನೂ ಉಳಿದಿರಲಿಲ್ಲ, ಉಳಿದದ್ದನ್ನು ಬಿಡಲು ಕಾನೂನು ಒಪ್ಪುತ್ತಿರಲಿಲ್ಲ.

ಸ್ಪೋರ್ಟ್ 240 ಫೈನಲ್ ಎಡಿಷನ್‌ನ ಬೆಲೆ 45,500 ಪೌಂಡ್, ಕಪ್ 250ಯದು 50,900 ಪೌಂಡ್. ಮೊದಲ ಬೆಲೆಯ ಸುಮಾರು 2.4 ಪಟ್ಟು ಮತ್ತು ಸುಮಾರು 2.7 ಪಟ್ಟು ಎಂದು ಇದನ್ನು ಹೇಳಬಹುದಾದರೂ ಈ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ. 25 ವರ್ಷಗಳ ಹಣದುಬ್ಬರವನ್ನು ಲೆಕ್ಕಕ್ಕೆ ಹಿಡಿದರೆ ನಿಜವಾದ ಏರಿಕೆ ಬಹಳ ಕಡಿಮೆಯಾಗುತ್ತದೆ. ಅಲ್ಲದೆ ಕೊನೆಯ ಮಾದರಿಗಳು ಮೂಲ ಮಾದರಿಗಳಲ್ಲ, ಅತ್ಯಂತ ಶಕ್ತಿಶಾಲಿ ಮಾದರಿಗಳು.

ಎಲೀಸ್‌ನಿಂದ ಹುಟ್ಟಿದ ಕಾರುಗಳು

ಗಟ್ಟಿ ಛಾವಣಿಯ ಎಕ್ಸೀಜ್ 2000ದಲ್ಲಿ ಬಂತು; 2006ರ ಯುರೋಪಾ ಎಸ್ ಕೂಡ ಇದೇ ಚಾಸಿಯಿಂದ ಬೆಳೆದದ್ದು. ಆದರೆ ಹೆಚ್ಚು ಪ್ರಸಿದ್ಧವಾದದ್ದು ಅಮೆರಿಕದ ಟೆಸ್ಲಾ ಸಂಸ್ಥೆಯ ಮೊದಲ ಕಾರು ರೋಡ್‌ಸ್ಟರ್. 2008ರಲ್ಲಿ ಗ್ರಾಹಕರ ಕೈ ಸೇರತೊಡಗಿದ ಈ ವಿದ್ಯುತ್ ಕಾರಿನ ಚಾಸಿ ಎಲೀಸ್‌ನದನ್ನು ಮಾರ್ಪಡಿಸಿದ್ದು. ಮೋಟಾರು, ಬ್ಯಾಟರಿಗಳಿಲ್ಲದ ಒಡಲು ಹೆಥೆಲ್‌ನಲ್ಲಿ ತಯಾರಾಗಿ ಅಮೆರಿಕಕ್ಕೆ ಹೋಗುತ್ತಿತ್ತು. ಎಲೀಸ್‌ನೊಂದಿಗೆ ಅದು ಹಂಚಿಕೊಂಡ ಬಿಡಿಭಾಗಗಳು ಮಾತ್ರ ಬಹಳ ಕಡಿಮೆ. ಬ್ಯಾಟರಿಯೊಂದೇ ಸುಮಾರು 450 ಕಿ.ಗ್ರಾಂ ತೂಗುತ್ತಿದ್ದುದರಿಂದ ಇಡೀ ಕಾರಿನ ತೂಕ 1,200 ಕಿ.ಗ್ರಾಂ ದಾಟಿತು. ಸುಮಾರು 2,450 ರೋಡ್‌ಸ್ಟರ್‌ಗಳು ತಯಾರಾದವು. ಅಷ್ಟು ಭಾರದ ಬ್ಯಾಟರಿಯನ್ನು ಹೊರಿಸಲು ಆರಂಭದಲ್ಲಿಯೇ ಅತಿ ಹಗುರವಾದ ಕಾರನ್ನು ಆರಿಸಿಕೊಂಡದ್ದು ಸಹಜವೇ ಆಗಿತ್ತು.

ಭಾರತದಲ್ಲಿ

ಎಲೀಸ್ ಉತ್ಪಾದನೆಯಲ್ಲಿದ್ದ ಅವಧಿಯಲ್ಲಿ ಲೋಟಸ್‌ಗೆ ಭಾರತದಲ್ಲಿ ಅಧಿಕೃತ ಮಾರಾಟ ಜಾಲವಿರಲಿಲ್ಲ. ಪೂರ್ತಿ ಜೋಡಿಸಿ ತಂದ ಕಾರುಗಳ ಮೇಲಿನ ಸುಂಕವೂ ದೊಡ್ಡ ತಡೆಯಾಗಿತ್ತು. ಆಮದು ಮೌಲ್ಯ 40,000 ಡಾಲರ್ ಮೀರಿದ ಕಾರುಗಳ ಮೇಲೆ 2013ರಲ್ಲಿ ಅದು ಶೇ. 100ಕ್ಕೆ ಏರಿತು. ಲೋಟಸ್ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2023ರ ನವೆಂಬರಿನಲ್ಲಿ, ಅದೂ 2.55 ಕೋಟಿ ರೂಪಾಯಿಯಿಂದ ಆರಂಭವಾಗುವ ಎಲೆಟ್ರೆ ಎಂಬ ವಿದ್ಯುತ್ ಎಸ್‌ಯುವಿಯೊಂದಿಗೆ. ಎಲೆಟ್ರೆಯ ತೂಕ ಸುಮಾರು 2,500 ಕಿ.ಗ್ರಾಂ, ಮೊದಲ ಸರಣಿಯ ಮೂರು ಎಲೀಸ್‌ಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ.

ಉತ್ಪಾದನೆಯ ಅಂತ್ಯ

2017ರಲ್ಲಿ ಚೀನಾದ ಜೀಲಿ ಸಮೂಹವು ಲೋಟಸ್‌ನ ಶೇ. 51ರಷ್ಟು ಪಾಲನ್ನು ಕೊಂಡ ನಂತರ ಹೊಸ ಮಾದರಿಗಳಿಗೆ ಹಣ ಒದಗಿತು. ಎಲೀಸ್, ಎಕ್ಸೀಜ್ ಮತ್ತು ಎವೋರಾ ಮೂರರ ಉತ್ಪಾದನೆಯೂ 2021ರಲ್ಲಿ ಕೊನೆಗೊಂಡಿತು. ಮೂರೂ ಸೇರಿ ತಯಾರಾದ 51,738 ಕಾರುಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಎಲೀಸ್‌ಗಳೇ. ಅವುಗಳ ಸ್ಥಾನದಲ್ಲಿ ಬಂದ ಎಮೀರಾ ಕೂಡ ಎರಡು ಆಸನಗಳ, ಅಂಟಿಸಿದ ಅಲ್ಯೂಮಿನಿಯಂ ಚಾಸಿಯ ಕಾರು. ಅದರ ತೂಕ ಸುಮಾರು 1,400 ಕಿ.ಗ್ರಾಂ. ಹೆಥೆಲ್‌ನಿಂದ ಹೊರಬಂದ ಕೊನೆಯ ಎಲೀಸ್ ಹಳದಿ ಬಣ್ಣದ ಸ್ಪೋರ್ಟ್ 240 ಫೈನಲ್ ಎಡಿಷನ್. 1995ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದ ವೇದಿಕೆಯ ಮೇಲೆ ಪುಟ್ಟ ಮಗುವಾಗಿ ಕಾಣಿಸಿಕೊಂಡಿದ್ದ ಎಲೀಸಾ ಆರ್ಟಿಯೋಲಿ ಆ ಕಾರಿನ ಒಡತಿಯಾದರು.